ಕೆಡಿಸಿ ತೋರಿಸು

ತಂಗಿಗೆ ತನ್ನದು ಎಂದು ಹೇಳಿಕೊಳ್ಳಲು ಒಂದು ಸರ್ಕ್ಯೂಟೂ ಇರಲಿಲ್ಲ.

ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿ ವರ್ಷಗಳೇ ಆಗಿದ್ದವು. ಹಳಿಗೆ ಎಣ್ಣೆ ಹಚ್ಚುವುದು, ಕೆಳಗಿನ ಗುಂಡಿಗೆ ಇಳಿದು ಕಸ ಬಾಚುವುದು, ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡ ಬೀಗದ ಕೈ, ಹೇರ್‌ಪಿನ್ನು ಹೆಕ್ಕಿಕೊಡುವುದು, ಬೇರೆಯವರು ಕಟ್ಟಿದ ಪ್ಯಾನೆಲ್ಲಿನ ಸ್ಕ್ರೂ ಬಿಗಿ ಮಾಡುವುದು, ಇಷ್ಟೇ ಅವಳ ಪಾಲಿಗೆ ಬಂದದ್ದು. ಪ್ಯಾನೆಲ್ಲೆಂದರೆ ಲಿಫ್ಟಿನ ತಲೆ. ಯಾವಾಗ ಏರಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಸತ್ತರೂ ಅಲುಗಬಾರದು ಎಂಬುದೆಲ್ಲ ಆ ತಗಡಿನ ಪೆಟ್ಟಿಗೆಯೊಳಗಿನ ತಂತಿ ಮತ್ತು ರಿಲೇಗಳಲ್ಲಿ ಇರುತ್ತದೆ. ಅದನ್ನು ಕಟ್ಟುವವರು ಮೇಲೆ ಮೆಷಿನ್ ರೂಮಿನಲ್ಲಿ ಮೇಸ್ತ್ರಿಯ ಸುತ್ತ ಕೂತು ಟೀ ಕುಡಿಯುತ್ತಿದ್ದರು. ಅವರ ನಗು ಗುಂಡಿಯ ತಳದಲ್ಲಿದ್ದ ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಒಂದು ದಿನ ಅವಳು ಕೇಳಿಯೇಬಿಟ್ಟಳು. "ಮೇಸ್ತ್ರಿ, ನನಗೂ ಒಂದು ಪ್ಯಾನೆಲ್ ಕೊಡಿ."

"ಕೊಡೋಣ. ಮುಂಚೆ ಏನಾದ್ರೂ ಕಟ್ಟಿದ್ದೀಯಾ?"

"ನೀವು ಕೊಟ್ರೆ ತಾನೇ ಕಟ್ಟೋದು?"

"ಕೊಟ್ರೆ ತಾನೇ ಕಟ್ಟೋದು, ಕಟ್ಟಿದ್ರೆ ತಾನೇ ಕೊಡೋದು. ಹಿಂಗೇ ಮಾತಾಡ್ತಿದ್ರೆ ಇಬ್ರಿಗೂ ವಯಸ್ಸಾಗುತ್ತೆ." ಮೇಸ್ತ್ರಿ ಲೋಟ ಕೆಳಗಿಟ್ಟರು. "ಎಲ್ಲಾದ್ರೂ ಕಟ್ಟಮ್ಮ. ನೀನೇ ಬರಿ, ನೀನೇ ಕಟ್ಟು. ಭಾರದ್ದೊಂದು ಅಲುಗಾಡಬೇಕು, ಹೇಳಿದ ಕಡೆ ನಿಲ್ಲಬೇಕು. ಆಮೇಲೆ ನನ್ನೆದುರಿಗೆ ಕೆಡಿಸಿ ತೋರಿಸು."

ಕೆಡಿಸಿ ತೋರಿಸುವುದು ಅವರ ಕೆಲಸದ ಪದ್ಧತಿ. ಹೊಸ ಲಿಫ್ಟು ಓಡಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅದನ್ನು ಕಟ್ಟದ ಇನ್ನೊಬ್ಬ ಬಂದು ಪ್ಯಾನೆಲ್ಲಿನಲ್ಲಿ ತನಗೆ ತೋಚಿದ ಒಂದನ್ನು ಕೆಡಿಸುತ್ತಾನೆ. ತಂತಿ ಕೀಳಬಹುದು, ಸ್ವಿಚ್ಚು ಕಟ್ಟಿಹಾಕಬಹುದು. ಯಾವುದನ್ನು ಎಂದು ಮೊದಲೇ ಹೇಳುವುದಿಲ್ಲ. ಕೆಟ್ಟ ಮೇಲೂ ಲಿಫ್ಟು ತೆಪ್ಪಗೆ ನಿಂತರೆ ಕಟ್ಟಿದವರ ಹೆಸರು ಪೆಟ್ಟಿಗೆಯ ಬಾಗಿಲ ಮೇಲೆ ಬರುತ್ತದೆ. ನಿಲ್ಲದಿದ್ದರೆ ಬಿಚ್ಚಿ ಮೊದಲಿಂದ.

ಭಾರದ್ದೊಂದು ಎಂದಾಗಲೇ ಅವಳ ತಲೆಯಲ್ಲಿ ಅಣ್ಣನ ಅಂಗಡಿ ಹಾದುಹೋಗಿತ್ತು.

ಅಣ್ಣನದು ವಿಡಿಯೋ ಆಟದಂಗಡಿ. ಬಸ್ ನಿಲ್ದಾಣದ ಹಿಂಬದಿಯ ಗಲ್ಲಿಯಲ್ಲಿ ಉದ್ದಕ್ಕೆ ಸುರಂಗದ ಹಾಗಿದ್ದ ಒಂದು ಕೋಣೆ. ನಾಣ್ಯ ಹಾಕಿ ನಿಂತುಕೊಂಡು ಆಡುವ, ಬೀರುವಿನಷ್ಟು ಎತ್ತರದ ಮರದ ಯಂತ್ರಗಳು ಎರಡೂ ಗೋಡೆಗೆ ಸಾಲಾಗಿ ನಿಂತಿದ್ದವು. ಮುಕ್ಕಾಲು ಪಾಲು ಕೆಟ್ಟವು, ಬಿಸಾಡಲು ಮನಸ್ಸಿಲ್ಲದೆ ಇಟ್ಟವು. ಜನ ಬರುತ್ತಿದ್ದದ್ದು ಕೊನೆಯಲ್ಲಿದ್ದ ದೊಡ್ಡ ಯಂತ್ರಕ್ಕೆ. ಅದರೊಳಗೆ ಹಳೇ ಕಾಲದ ಗಾಜಿನ ಪಿಕ್ಚರ್ ಟ್ಯೂಬು. ಅಂಥ ಟ್ಯೂಬನ್ನು ಈಗ ಯಾರೂ ತಯಾರಿಸುವುದಿಲ್ಲ. ಒಡೆದರೆ ಅಂಗಡಿಯ ಬಾಗಿಲು ಎಳೆದುಕೊಳ್ಳುವುದೊಂದೇ ದಾರಿ. ಅಣ್ಣ ಅದರ ಮುಂದೆ ಜೋರಾಗಿ ಸೀನುತ್ತಲೂ ಇರಲಿಲ್ಲ.

ಆ ಒಂದೇ ಯಂತ್ರದಲ್ಲಿ ಎರಡು ಆಟದ ಬೋರ್ಡುಗಳಿದ್ದವು, ಎರಡಕ್ಕೂ ಪ್ರಾಣ ಬಿಡುವ ಗಿರಾಕಿಗಳಿದ್ದರು. ಒಂದು ವಿಮಾನದ ಆಟ, ಅದಕ್ಕೆ ಪರದೆ ಬಾಗಿಲಿನ ಹಾಗೆ ಉದ್ದಕ್ಕೆ ನಿಂತಿರಬೇಕು. ಬಸ್ ಡ್ರೈವರೊಬ್ಬ ಎರಡು ಟ್ರಿಪ್ಪಿನ ನಡುವೆ ಓಡಿಬಂದು ಅದನ್ನು ಆಡುತ್ತಿದ್ದ. ಇನ್ನೊಂದು ಕುಸ್ತಿಯ ಆಟ, ಅದಕ್ಕೆ ಪರದೆ ಕಿಟಕಿಯ ಹಾಗೆ ಅಡ್ಡ ಮಲಗಿರಬೇಕು. ಅದನ್ನು ಆಡುತ್ತಿದ್ದವರು ಆಸ್ಪತ್ರೆಯ ಇಬ್ಬರು ನರ್ಸುಗಳು. ಪಾಳಿ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಒಬ್ಬರನ್ನೊಬ್ಬರು ಪರದೆಯ ಮೇಲೆ ಹಣ್ಣುಗಾಯಿ ಮಾಡಿ, ನಗುತ್ತಾ ಮನೆಗೆ ಹೋಗುತ್ತಿದ್ದರು.

ಒಂದು ಆಟದಿಂದ ಇನ್ನೊಂದಕ್ಕೆ ಬದಲಿಸಬೇಕಾದರೆ ಯಂತ್ರದ ಬೆನ್ನು ತೆಗೆದು, ಇಬ್ಬರು ಗಟ್ಟಿಗರು ಎತ್ತುವಷ್ಟು ಭಾರದ ಆ ಟ್ಯೂಬನ್ನು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಅದಕ್ಕೆ ಭಾನುವಾರ ಬೆಳಿಗ್ಗೆ ಅಣ್ಣ ಸ್ನೇಹಿತರನ್ನು ಕರೆಯುತ್ತಿದ್ದ. ಒಂದು ವಾರ ಡ್ರೈವರಿಗೆ, ಒಂದು ವಾರ ನರ್ಸುಗಳಿಗೆ. ಯಾರ ವಾರ ಅಲ್ಲವೋ ಅವರು ಬಂದು ಅಣ್ಣನಿಗೆ ಮಂಗಳಾರತಿ ಮಾಡಿ ಹೋಗುತ್ತಿದ್ದರು.

"ಮೋಟರ್ ಹಾಕಿಕೊಡ್ತೀನಿ," ಎಂದಳು ತಂಗಿ. "ಗುಂಡಿ ಒತ್ತಿದ್ರೆ ತಿರುಗುತ್ತೆ. ಇನ್ನೊಂದು ಒತ್ತಿದ್ರೆ ವಾಪಸ್."

"ಗ್ರೀಸಮ್ಮ," ಅಣ್ಣ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, "ನೀನು ಲಿಫ್ಟಿಗೆ ಎಣ್ಣೆ ಹಚ್ಕೊಂಡು ಆರಾಮಾಗಿರು. ಇದು ಗಾಜು. ಕಬ್ಬಿಣದ ಡಬ್ಬ ಅಲ್ಲ."

"ಲಿಫ್ಟಲ್ಲಿ ಜನ ಇರ್ತಾರೆ ಕಣೋ."

"ಜನ ಬಿದ್ರೆ ಆಸ್ಪತ್ರೆ ಇದೆ. ಟ್ಯೂಬ್ ಬಿದ್ರೆ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಈ ವಾದವನ್ನು ಮುಗಿಸಿದ್ದು ಅತ್ತಿಗೆ. ಅವರು ಅದೇ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೌಂಟರಿಗೆ ಕೂರುತ್ತಿದ್ದರು. ಮೊಳೆಯಿಂದ ನಲ್ಲಿಯ ತನಕ ಯಾವುದು ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಹೆಂಗಸು. ಹಿಂದಿನ ಭಾನುವಾರ ಟ್ಯೂಬು ತಿರುಗಿಸುವಾಗ ಒಬ್ಬ ಸ್ನೇಹಿತನ ಬೆವರು ಕೈ ಜಾರಿತ್ತು. ಇಡೀ ಭಾರ ಅಣ್ಣನ ಮೊಣಕಾಲ ಮೇಲೆ ಬಂದು ನಿಂತಿತ್ತು.

"ನಿಮ್ಮ ಮೊಣಕಾಲಿಗಿಂತ ಅವಳ ಮೋಟರ್ ವಾಸಿ," ಎಂದರು ಅತ್ತಿಗೆ. "ಮಾಡ್ಲಿ ಬಿಡಿ. ಆದ್ರೆ ಮೊದಲು ಟ್ಯೂಬ್ ಇಲ್ದೆ ಮಾಡಿ ತೋರಿಸ್ಲಿ."

ಅಣ್ಣ ಒಪ್ಪಿದ.

ಕೆಟ್ಟ ಯಂತ್ರವೊಂದನ್ನು ಅವಳು ಅಂಗಡಿಯ ಹಿಂದಿನ ಚಿಕ್ಕ ಕೋಣೆಗೆ ಸಾಗಿಸಿ ಪ್ರಯೋಗಕ್ಕೆ ತೆಗೆದುಕೊಂಡಳು. ಗುಜರಿಯಿಂದ ಕಾರಿನ ಮುಂಚಕ್ರದ ಬೇರಿಂಗು ತಂದು, ಅದರ ಮೇಲೆ ಟ್ಯೂಬನ್ನು ಹಿಡಿಯುವ ಕಟ್ಟು ಕೂರುವಂತೆ ವೆಲ್ಡಿಂಗ್ ಮಾಡಿಸಿದಳು. ಬುಗುರಿಯ ಹಾಗೆ ಹಗುರವಾಗಿ ತಿರುಗಿತು. ಎಳೆಯಲು ಕಾರಿನ ವೈಪರ್ ಮೋಟರು. ಗಾಜಿನ ಮೇಲಿನ ಮಳೆ ನೀರು ಒರೆಸುವ ಅದೇ ಮೋಟರು. ಅದರ ಹೊಟ್ಟೆಯಲ್ಲಿ ತಿರುಪಿನ ಹಲ್ಲು ಇರುವುದರಿಂದ ಕರೆಂಟು ಹೋದರೂ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು. ವೇಗ ಜಾಸ್ತಿಯಾಗಬಾರದೆಂದು ಮೋಟರಿಗೆ ಚಿಕ್ಕ ಹಲ್ಲಿನ ಚಕ್ರ, ಬೇರಿಂಗಿಗೆ ದೊಡ್ಡ ಚಕ್ರ, ನಡುವೆ ಸೈಕಲ್ ಚೈನು.

ಇದೆಲ್ಲ ಕೈಕೆಲಸ. ಅವಳದು ಎನ್ನುವುದು ಶುರುವಾದದ್ದು ಕಾಗದದ ಮೇಲೆ.

ಮೋಟರಿಗೆ ಹೋಗುವ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಅದು ಹಿಂದಕ್ಕೆ ತಿರುಗುತ್ತದೆ. ಆ ಅದಲು ಬದಲಿಗೆ ಎರಡು ರಿಲೇ. ರಿಲೇ ಎಂದರೆ ಸಣ್ಣ ಕರೆಂಟಿನ ಅಪ್ಪಣೆ ಸಿಕ್ಕಿದರೆ ಎದ್ದು ದೊಡ್ಡ ಕರೆಂಟಿಗೆ ದಾರಿ ಬಿಡುವ, ಅಪ್ಪಣೆ ನಿಂತರೆ ಕೂರುವ ಸ್ವಿಚ್ಚು. ಒಂದು ಎದ್ದರೆ ಪರದೆ ಉದ್ದಕ್ಕೆ ನಿಲ್ಲುತ್ತದೆ, ಇನ್ನೊಂದು ಎದ್ದರೆ ಅಡ್ಡಕ್ಕೆ ಮಲಗುತ್ತದೆ. ಎರಡೂ ಒಟ್ಟಿಗೆ ಎದ್ದರೆ ತಂತಿ ಸುಡುತ್ತದೆ. ಆದ್ದರಿಂದ ಒಂದು ಎದ್ದಾಗ ಇನ್ನೊಂದರ ದಾರಿ ತಾನೇ ಕಡಿದುಹೋಗುವಂತೆ ಕೊಂಡಿ ಹಾಕಿದಳು. ಎರಡೂ ಕೂತಾಗ ಮೋಟರಿನ ಎರಡು ತುದಿಗಳು ಒಂದಕ್ಕೊಂದು ಮುಟ್ಟುವಂತೆ ಮಾಡಿದಳು. ಹಾಗೆ ಮಾಡಿದರೆ ಮೋಟರು ಬ್ರೇಕ್ ಹಾಕಿದಂತೆ ನಿಂತಲ್ಲೇ ನಿಲ್ಲುತ್ತದೆ. ತಿರುವಿನ ಎರಡು ಕೊನೆಗೂ ಒಂದೊಂದು ಸ್ವಿಚ್ಚು, ಕಟ್ಟು ಬಂದು ತಾಗಿದರೆ ಸಾಕು ರಿಲೇ ಕೂರುತ್ತದೆ. ಅದರಾಚೆ, ಎರಡು ಬೆರಳು ದೂರಕ್ಕೆ, ಇನ್ನೊಂದೊಂದು ಸ್ವಿಚ್ಚು. ಮೊದಲನೆಯದು ಕೈಕೊಟ್ಟರೆ ಕಾಯಲು. ಲಿಫ್ಟಿನಲ್ಲೂ ಹೀಗೇ ಇರುತ್ತದೆ.

ಕಟ್ಟಿನ ಮೇಲೆ ಟ್ಯೂಬಿನ ಬದಲು ಮರಳು ಚೀಲ ಬಿಗಿದು ತಿರುಗಿಸಿದಳು. ಮೊದಲ ದಿನ ಮೂರು ಫ್ಯೂಸು ಸುಟ್ಟ ಮೇಲೆ ಚೆನ್ನಾಗಿ ತಿರುಗಿತು. ಎರಡನೇ ದಿನವೂ ತಿರುಗಿತು, ಆದರೆ ನಿಲ್ಲಲಿಲ್ಲ. ಕೊನೆಯ ಸ್ವಿಚ್ಚು ತಾಗಿತು, ಕಾವಲಿನ ಸ್ವಿಚ್ಚೂ ತಾಗಿತು, ಎರಡನ್ನೂ ಲೆಕ್ಕಕ್ಕಿಡದೆ ಕಟ್ಟು ಹೋಗಿ ಮರಕ್ಕೆ ಗುದ್ದಿತು. ಅದನ್ನು ತಡೆಯಲು ಒಡ್ಡಿದ ಎಡಗೈ ನಡುವೆ ಸಿಕ್ಕಿತು.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ರಿಲೇ ಬಿಚ್ಚಿ ನೋಡಿದರೆ ಒಳಗಿನ ತುದಿಗಳು ಬಿಸಿಗೆ ಕರಗಿ ಅಂಟಿಕೊಂಡಿದ್ದವು. ಸಣ್ಣ ರಿಲೇ, ದೊಡ್ಡ ಮೋಟರು. ಅಂಟಿಕೊಂಡ ರಿಲೇಗೆ ಕೂರು ಎಂದರೆ ಕೂರುವುದೆಲ್ಲಿಂದ? ಕಾವಲಿನ ಸ್ವಿಚ್ಚನ್ನೂ ಅವಳು ಆ ರಿಲೇಗೆ ಅಪ್ಪಣೆ ಕೊಡುವ ತಂತಿಯಲ್ಲೇ ಹಾಕಿದ್ದಳು. ಕಿವುಡನಿಗೆ ಇಬ್ಬರು ಕೂಗಿದಂತಾಯಿತು.

ಅಣ್ಣ ಬಾಗಿಲಲ್ಲಿ ನಿಂತು ನೋಡಿದ. "ಟ್ಯೂಬ್ ಇದ್ದಿದ್ರೆ?"

"ಇರ್ಲಿಲ್ವಲ್ಲ."

"ಇದ್ದಿದ್ರೆ ಅಂದೆ."

"ಅದಕ್ಕೇ ಮರಳು ಚೀಲ ಇಟ್ಟಿದ್ದು. ಹೋಗಿ ನಿನ್ನ ಗಿರಾಕಿ ನೋಡ್ಕೋ, ಡ್ರೈವರ್ ಗುಂಡಿ ಮುರೀತಿದಾನೆ."

ಅವನು ಹೋದ ಮೇಲೆ ಅವಳು ಕಾವಲಿನ ಸ್ವಿಚ್ಚನ್ನು ಅಪ್ಪಣೆಯ ತಂತಿಯಿಂದ ಕಿತ್ತು ನೇರ ಮೋಟರಿನ ತಂತಿಗೇ ಹಾಕಿದಳು. ರಿಲೇ ಕೇಳಲಿ, ಬಿಡಲಿ, ಮೋಟರಿನ ಅನ್ನದ ದಾರಿಯೇ ಕಡಿದುಹೋಗಬೇಕು. ಎರಡು ರಿಲೇಗಳನ್ನೂ ಬಿಸಾಡಿ ದೊಡ್ಡವು ತಂದಳು. ಬೇಕೆಂದೇ ಒಂದನ್ನು ಒತ್ತಿಹಿಡಿದು ತಿರುಗಿಸಿ ನೋಡಿದಳು. ನಿಂತಿತು. ಮತ್ತೆ ಮತ್ತೆ ನೋಡಿದಳು. ಪ್ರತಿ ಸಲವೂ ನಿಂತಿತು.

ಅತ್ತಿಗೆ ಬಂದು ಮರಳು ಚೀಲ ತಿರುಗುವುದನ್ನು ನೋಡಿ, "ಹ್ಞೂಂ, ಇನ್ನು ಗಾಜು ಕೂರ್ಸಿ," ಎಂದು ಗಂಡನಿಗೆ ಹೇಳಿದರು.

ಎಲ್ಲವನ್ನೂ ದೊಡ್ಡ ಯಂತ್ರಕ್ಕೆ ಸಾಗಿಸಿ ಟ್ಯೂಬು ಕೂರಿಸಿದ ಮೇಲೆ ಒಂದು ಹೊಸ ತೊಂದರೆ ಕಂಡಿತು. ಟ್ಯೂಬಿನ ಬೋರ್ಡು, ಟ್ರಾನ್ಸ್‌ಫಾರ್ಮರ್ ಎಲ್ಲ ಒಂದೇ ಮಗ್ಗುಲಲ್ಲಿದ್ದವು. ಆ ಕಡೆ ಇಳಿಯುವಾಗ ಪರದೆ ಸರ್ರನೆ ಬರುತ್ತಿತ್ತು, ಏರುವಾಗ ಮೋಟರು ಮುಲುಗುತ್ತಿತ್ತು. ಇದಕ್ಕೆ ಅವಳು ಯೋಚಿಸಲೂ ಇಲ್ಲ. ಲಿಫ್ಟಿನ ಇನ್ನೊಂದು ತುದಿಯಲ್ಲಿ ಯಾವಾಗಲೂ ಸಮತೂಕಕ್ಕೆ ಕಬ್ಬಿಣದ ಗಟ್ಟಿಗಳು ತೂಗುತ್ತಿರುತ್ತವೆ. ಅವುಗಳಿಗೆ ಬಣ್ಣ ಬಳಿದು ಬಳಿದು ಅವಳ ಕೈ ಸವೆದಿತ್ತು. ಅತ್ತಿಗೆಯ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ತಕ್ಕಡಿಯ ಕಬ್ಬಿಣದ ತೂಕದ ಕಲ್ಲುಗಳನ್ನು ತಂದು ಟ್ಯೂಬಿನ ಇನ್ನೊಂದು ಮಗ್ಗುಲಿಗೆ ಬೋಲ್ಟು ಹಾಕಿ ಬಿಗಿದಳು. ಈಗ ಪರದೆ ಎರಡು ಕಡೆಗೂ ಒಂದೇ ವೇಗದಲ್ಲಿ, ಸದ್ದಿಲ್ಲದೆ, ರಾಜಗಾಂಭೀರ್ಯದಿಂದ ತಿರುಗಿತು. ಮೇಸ್ತ್ರಿಗೆ ನಾಳೆಯೇ ಬನ್ನಿ ಎಂದು ಹೇಳಬೇಕೆಂದುಕೊಂಡಳು.

ಆಗ ಅಣ್ಣ ಆಟ ಹಚ್ಚಿದ.

ಕಪ್ಪಗಿರಬೇಕಾದ ಆಕಾಶ ಒಂದು ಕಡೆ ಹಸಿರು, ಒಂದು ಕಡೆ ನೇರಳೆಯಾಗಿತ್ತು. ಬಿಳಿ ವಿಮಾನ ಮೂಲೆಗೆ ಹೋದರೆ ಗುಲಾಬಿಯಾಗುತ್ತಿತ್ತು.

"ಹೋಯ್ತು," ಎಂದ ಅಣ್ಣ. ಅವನ ದನಿಯಲ್ಲಿ ಕೋಪ ಕೂಡ ಇರಲಿಲ್ಲ. "ಟ್ಯೂಬ್ ಹೋಯ್ತು."

ಲಿಫ್ಟಿಗೆ ಬಣ್ಣ ಎಂಬುದೇ ಇರುವುದಿಲ್ಲ. ಈ ರೋಗದ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಅಣ್ಣ ಒಳಗಿನಿಂದ ರೊಟ್ಟಿಯ ತವೆಯಷ್ಟು ಅಗಲದ, ಟೇಪು ಸುತ್ತಿದ ತಂತಿಯ ಬಳೆಯೊಂದನ್ನು ತಂದ. ಅದನ್ನು ಕರೆಂಟಿಗೆ ಸಿಕ್ಕಿಸಿ, ಪರದೆಯ ಮುಂದೆ ಮಂತ್ರವಾದಿಯಂತೆ ಸುತ್ತ ಸುತ್ತ ಆಡಿಸಿದ. ಬಣ್ಣಗಳು ಕಲಕಿದ ನೀರಿನ ಹಾಗೆ ಕುಣಿದವು. ಬಳೆ ಸುತ್ತುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಬಾಗಿಲ ತನಕ ಹೋಗಿ, ಸ್ವಿಚ್ಚು ಬಿಟ್ಟ.

"ಇದೇನೋ?"

"ಹೋಯ್ತು ಅಂದಿದ್ದು ನಿನ್ನ ಹೆದರಿಸೋಕೆ. ಪ್ರತಿ ಭಾನುವಾರ ಮಾಡೋದು ಇದನ್ನೇ. ತಿರುಗಿಸಿದಾಗೆಲ್ಲ ಟ್ಯೂಬಿಗೆ ಭೂಮಿಯ ಅಯಸ್ಕಾಂತ ಹಿಡಿಯುತ್ತೆ. ಇದನ್ನ ಆಡಿಸಿದ್ರೆ ಬಿಡುತ್ತೆ. ನಿಂಗೆ ಗೊತ್ತಿಲ್ವಾ, ಇಂಜಿನಿಯರಮ್ಮ?"

ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಮಲಗಿರುತ್ತಿದ್ದಳು.

ಪರದೆಯ ಮುಕ್ಕಾಲು ಭಾಗ ತಿಳಿಯಾಗಿತ್ತು. ಆದರೆ ಬಲ ಮೇಲ್ತುದಿಯಲ್ಲಿ ಅಂಗೈಯಷ್ಟು ನೇರಳೆ ಹಾಗೇ ಉಳಿದಿತ್ತು. ಅಣ್ಣ ಮತ್ತೆ ಬಳೆ ಆಡಿಸಿದ. ಹೋಗಲಿಲ್ಲ. ಪರದೆ ತಿರುಗಿಸಿ ಆಡಿಸಿದ. ಕಲೆಯೂ ಪರದೆಯ ಜೊತೆ ತಿರುಗಿ ಕೆಳಗಿನ ಮೂಲೆಗೆ ಬಂದು ಕೂತಿತ್ತು.

"ಇದು ಭೂಮಿದಲ್ಲ," ಎಂದ ಅಣ್ಣ, ನಿಧಾನವಾಗಿ. "ಭೂಮಿದಾಗಿದ್ರೆ ಜೊತೆಗೆ ತಿರುಗ್ತಿರ್ಲಿಲ್ಲ. ಹತ್ರದಲ್ಲೇ ಏನೋ ಅಂಟ್ಕೊಂಡಿದೆ. ಸ್ಪೀಕರ್ ಹತ್ರ ಇಟ್ರೆ ಹಿಂಗೇ ಆಗೋದು."

"ಸ್ಪೀಕರ್ ಇಲ್ಲ."

"ಮತ್ತೆ ಕಬ್ಬಿಣ ಏನಾದ್ರೂ..."

ಇಬ್ಬರೂ ಒಟ್ಟಿಗೆ ಯಂತ್ರದ ಹಿಂಬದಿಗೆ ಬಂದರು. ತೂಕದ ಕಲ್ಲುಗಳು ಆ ಮೂಲೆಯ ಬೆನ್ನಿಗೇ ಬಿಗಿದಿದ್ದವು. ಅಣ್ಣ ಅವನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಗೋಡೆಗೆ ಒರಗಿ ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಟ್ಯೂಬಿನ ಬೆನ್ನಿಗೇ ಕಬ್ಬಿಣ ಕಟ್ಟಿದ್ದೀಯಲ್ಲೇ! ಲಿಫ್ಟ್ ಬುದ್ಧಿ!"

"ಸಾಕು ಬಾಯಿ ಮುಚ್ಚೋ. ಕಬ್ಬಿಣ ಅಲ್ದೇ ಭಾರದ್ದು ಏನಿದೆ ಹೇಳು."

ಹೇಳಿದ್ದು ಅತ್ತಿಗೆ. ಅವರ ಅಂಗಡಿಯಲ್ಲಿ ಗಿರಾಕಿಗಳು ಬದಲಿಸಿಕೊಂಡು ಬಿಟ್ಟುಹೋದ ಹಳೇ ಹಿತ್ತಾಳೆ ನಲ್ಲಿಗಳು ಒಂದು ಬಕೆಟ್ ತುಂಬ ಇದ್ದವು. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಅತ್ತಿಗೆ ಅಂಗಡಿಯ ಅಯಸ್ಕಾಂತದಿಂದ ಒಂದೊಂದನ್ನೂ ಮುಟ್ಟಿಸಿ ನೋಡಿಯೇ ಕೊಟ್ಟರು, ಅಂಟಿದ್ದನ್ನು ಎಸೆದರು. ನಲ್ಲಿಗಳನ್ನು ದಪ್ಪ ಕ್ಯಾನ್ವಾಸು ಚೀಲದಲ್ಲಿ ಹಾಕಿ, ತೂಕದ ಕಲ್ಲು ಬಿಚ್ಚಿದ ಜಾಗದಲ್ಲಿ ಅಲುಗದಂತೆ ಬಿಗಿದರು. ಅಣ್ಣ ಬಳೆ ಆಡಿಸಿದ. ಆಕಾಶ ಇದ್ದಿಲಿನಂತೆ ಕಪ್ಪಾಯಿತು.

"ಬಳೆ ನಿನ್ನ ಕೈಯಲ್ಲಿ ಯಾಕೆ?" ಎಂದಳು ತಂಗಿ. "ಅದನ್ನೂ ಒಳಗೆ ಹಾಕೋಣ."

ಅಣ್ಣ ಹೇಳಿದ ಕಡೆ, ಟ್ಯೂಬಿನ ಅಂಚಿಗೆ, ಬಳೆಯ ತಂತಿಯನ್ನೇ ಅಗಲಿಸಿ ಸುತ್ತಿದರು. ಪರದೆ ಕೊನೆಯ ಸ್ವಿಚ್ಚಿಗೆ ತಾಗಿದ ಕೂಡಲೇ ಮೂರನೆಯ ರಿಲೇ ಎದ್ದು ಬಳೆಗೆ ಕರೆಂಟು ಕೊಡುವಂತೆ, ಅದು ತಾನಾಗಿ ಇಳಿದು ಆರುವಂತೆ ಅವಳು ಬರೆದಳು. ತಿರುಗಿ ನಿಂತ ಮೇಲೆ ಪರದೆ ಗುಂಯ್ ಎಂದು ಒಮ್ಮೆ ಮೈ ಕೊಡವಿ ತಿಳಿಯಾಗುತ್ತಿತ್ತು. ನರ್ಸುಗಳು ಅದಕ್ಕೆ "ಸೀನು" ಎಂದು ಹೆಸರಿಟ್ಟರು.

ಮೇಸ್ತ್ರಿ ಬಂದದ್ದು ಒಂದು ಮಧ್ಯಾಹ್ನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅಂಗಡಿಯಲ್ಲಿ ಡ್ರೈವರಿದ್ದ, ನರ್ಸುಗಳಿದ್ದರು, ಅತ್ತಿಗೆ ಕೌಂಟರಿಗೆ ಬೇರೆಯವರನ್ನು ಕೂರಿಸಿ ಬಂದಿದ್ದರು. ಮೇಸ್ತ್ರಿ ಯಾರನ್ನೂ ಮಾತಾಡಿಸಲಿಲ್ಲ. ಯಂತ್ರದ ಬೆನ್ನು ತೆಗೆಸಿ, ಟಾರ್ಚು ಬಿಟ್ಟು, ಬಹಳ ಹೊತ್ತು ಒಳಗೆ ನೋಡಿದರು. ತಂತಿಗಳು ಮೂಲೆಗಳಲ್ಲಿ ಸಮಕೋನಕ್ಕೆ ಬಾಗಿ, ಜೊತೆ ಜೊತೆಯಾಗಿ ಹೋಗಿದ್ದವು. ಪ್ರತಿ ತುದಿಗೂ ಅವಳು ಚಿಕ್ಕ ಬಿಳಿ ಕೊಳವೆ ಹಾಕಿ ಗುರುತು ಬರೆದಿದ್ದಳು.

"ಈ ಚೀಲದಲ್ಲಿ ಏನು?"

"ನಲ್ಲಿ, ಮೇಸ್ತ್ರಿ."

"ನಲ್ಲಿ?"

"ಹಿತ್ತಾಳೇದು. ಕಬ್ಬಿಣ ಆಗಲ್ಲ, ಬಣ್ಣ ಕೆಡುತ್ತೆ." ಅಣ್ಣನ ಕಡೆ ಕೈ ತೋರಿದಳು. "ಅವನು ಕಂಡುಹಿಡಿದಿದ್ದು."

ಅಣ್ಣ ಎದೆ ಸೆಟೆದು ನಿಂತ. ಮೇಸ್ತ್ರಿ ಹ್ಞೂಂ ಎಂದರು. "ತಿರುಗಿಸು."

ನರ್ಸುಗಳು ಕುಸ್ತಿ ಆಡುತ್ತಿದ್ದರು. ಆಟ ನಿಲ್ಲಿಸಲು ಒಪ್ಪಲಿಲ್ಲ. ಪರದೆ ತಿರುಗಿದರೂ ಕುತ್ತಿಗೆ ವಾಲಿಸಿಕೊಂಡು ಹೊಡೆದಾಡುತ್ತಲೇ ಇದ್ದರು. ಒಮ್ಮೆ ಹೋಯಿತು, ಬಂದಿತು. ಮೇಸ್ತ್ರಿ ಎರಡು ಗುಂಡಿಯನ್ನೂ ಒಟ್ಟಿಗೆ ಒತ್ತಿದರು. ಪರದೆ ಅಲುಗಲಿಲ್ಲ. ಅರ್ಧ ತಿರುವಿನಲ್ಲಿ ಕರೆಂಟು ಕಿತ್ತರು. ನರ್ಸುಗಳು ಕಿರುಚಿದರು. ಕತ್ತಲಾದ ಪರದೆ ಓರೆಯಾಗಿ ನಿಂತಲ್ಲೇ ನಿಂತಿತು, ಕೂದಲೆಳೆಯಷ್ಟೂ ಜಾರಲಿಲ್ಲ. ಕರೆಂಟು ಬಂದಾಗ ಅದು, ಅವಳು ಬರೆದಿದ್ದಂತೆ, ತಾನಾಗಿ ನಿಧಾನಕ್ಕೆ ನೆಟ್ಟಗೆ ನಿಲ್ಲುವ ಕಡೆಗೆ ಹೋಗಿ, ಸೀನಿ, ಸುಮ್ಮನಾಯಿತು.

"ಕರೆಂಟ್ ಬಂದ ಮೇಲೆ ಲಿಫ್ಟ್ ನೆಲಮಹಡಿಗೆ ಹೋದ ಹಾಗೆ," ಎಂದರು ಮೇಸ್ತ್ರಿ. ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಅವರು ಅಂಗಿಯ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದರು.

ಅವರು ಯಾವ ತಂತಿಯನ್ನೂ ಕೀಳಲಿಲ್ಲ. ನೇರ ಹೋಗಿ ಪರದೆ ಮಲಗಿಸುವ ರಿಲೇಯ ನೆತ್ತಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿಹಿಡಿದರು. ಅಂಟಿಕೊಂಡ ರಿಲೇ. ಯಾರ ಮಾತೂ ಕೇಳದ ರಿಲೇ.

ಪರದೆ ತಿರುಗತೊಡಗಿತು.

"ಸರ್," ಎಂದ ಅಣ್ಣ.

ಮೇಸ್ತ್ರಿ ಒತ್ತಿದ ಕೈ ತೆಗೆಯಲಿಲ್ಲ. ತಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಇಲ್ಲದಿದ್ದರೆ ಅವು ತಾವಾಗಿ ಮುಂದೆ ಹೋಗುತ್ತಿದ್ದವು. ಪರದೆ ಅಡ್ಡಕ್ಕೆ ಬಂದು ಕೊನೆಯ ಸ್ವಿಚ್ಚಿಗೆ ತಾಗಿತು. ಟಕ್. ನಿಲ್ಲಲಿಲ್ಲ. ಅದನ್ನು ದಾಟಿತು. ಗಾಜಿನ ಅಂಚಿಗೂ ಮರಕ್ಕೂ ನಡುವಿನ ಸಂದಿ ಕಿರಿದಾಗುತ್ತಾ ಬಂತು. ಅತ್ತಿಗೆ ಅಣ್ಣನ ತೋಳು ಹಿಡಿದರು. ಡ್ರೈವರ್ ಕಾಣದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ.

ಟಕ್.

ಮೋಟರು ಸತ್ತಿತು. ಮೇಸ್ತ್ರಿ ಇನ್ನೂ ಒತ್ತಿಯೇ ಇದ್ದರು, ಇನ್ನೂ ಜೋರಾಗಿ ಒತ್ತಿದರು. ಪರದೆ ಅಲ್ಲೇ ಇತ್ತು. ಸಂದಿಯಲ್ಲಿ ಅವರು ತಮ್ಮ ಕಿರುಬೆರಳು ತೂರಿಸಿ ನೋಡಿದರು, ಸಲೀಸಾಗಿ ಹೋಯಿತು.

"ಕಾವಲಿನ ಸ್ವಿಚ್ಚು ಎಲ್ಲಿ ಹಾಕಿದ್ದೀಯ?"

"ಮೋಟರಿನ ತಂತಿಯಲ್ಲೇ, ಮೇಸ್ತ್ರಿ. ರಿಲೇ ನಂಬಲಿಲ್ಲ."

"ಯಾರು ಹೇಳಿಕೊಟ್ರು?"

ಅವಳು ಎಡಗೈ ಹೆಬ್ಬೆರಳು ಎತ್ತಿ ತೋರಿಸಿದಳು.

ಮೇಸ್ತ್ರಿ ಮೊದಲ ಸಲ ನಕ್ಕರು. ಕಿಸೆಯಿಂದ ದಪ್ಪ ಬರಹದ ಪೆನ್ನು ತೆಗೆದು ಅವಳ ಕೈಗಿಟ್ಟರು. "ಪೆಟ್ಟಿಗೆ ಬಾಗಿಲ ಮೇಲೆ ಬರಿ. ನಿನ್ನ ಹೆಸರು. ದೊಡ್ಡದಾಗಿ ಬರಿ, ನಾಳೆ ಇದು ಕೆಟ್ರೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಬೇಕಲ್ಲ. ಸೋಮವಾರ ಮೇಲೆ ಮೆಷಿನ್ ರೂಮಿಗೆ ಬಾ. ಆರು ಮಹಡಿಯ ಪ್ಯಾನೆಲ್ ಒಂದಿದೆ."

"ನಿಮ್ಮ ಜೊತೆನಾ?"

"ನಾನು ಕೆಡಿಸೋಕೆ ಬರ್ತೀನಿ."

ಅವಳು ಬರೆದಳು. ಮೊದಲ ಅಕ್ಷರ ಸೊಟ್ಟಗಾಯಿತು. ಅಣ್ಣ ಅದನ್ನು ತೋರಿಸಿ ಏನೋ ಅನ್ನಲು ಬಾಯಿ ತೆರೆದ, ಅತ್ತಿಗೆ ಮೊಣಕೈಯಿಂದ ತಿವಿದರು. ಅವನು ಮಾತು ನುಂಗಿಕೊಂಡು, ಅಂಗಡಿಗೆ ಬಂದವರಿಗೆಲ್ಲ ಕೇಳುವಂತೆ, "ನಮ್ಮ ಮನೆ ಹುಡುಗಿ ಕಟ್ಟಿದ್ದು," ಎಂದ. ಆಮೇಲೆ ಯಾರೂ ಕೇಳದಿದ್ದರೂ ಇನ್ನೆರಡು ಸಲ ಅಂದ. ಅವಳು ಅವನನ್ನು ತಡೆಯಲಿಲ್ಲ.

ಈ ಕೆಲಸದಲ್ಲಿ ಹೋದದ್ದು ಇಷ್ಟು: ರಿಲೇ ಎರಡು, ಫ್ಯೂಸು ಮೂರು, ಹೆಬ್ಬೆರಳಿನ ಉಗುರು ಒಂದು, ನರ್ಸುಗಳ ಅರ್ಧ ಆಟ.